ಕಂಬಿ ಕೆಲಸದ ವರ

"ಹುಡುಗ ಏನ್ ಮಾಡ್ತಾನ್ರಿ?"

"ನಾಸಿಕದಾಗ ಕಂಬಿ ಕೆಲಸ ಮಾಡ್ತಾನ್ರಿ."

ಕೇಳಿದವರು ಚಹದ ಕಪ್ಪು ಕೆಳಗಿಟ್ಟರು. ಮಾತು ಮಳೆ-ಬೆಳೆಯ ಕಡೆ ಹೊರಳಿತು. ಸಂಬಂಧ ಅಲ್ಲಿಗೇ ಮುಗಿಯಿತು. ಇದೇ ಹುಡುಗ ಛತ್ರಪತಿ ಸಂಭಾಜಿನಗರದ ಬಳಿಯ ವಾಳೂಜಿನ ಯಾವುದಾದರೂ ಕಾರ್ಖಾನೆಯಲ್ಲಿ ಅರ್ಧ ಪಗಾರಕ್ಕೆ ಕೊರಳಿಗೆ ಐಡಿ ಕಾರ್ಡ್ ತೂಗುಹಾಕಿಕೊಂಡಿದ್ದರೆ "ಕಂಪನಿಯಾಗ ಅದಾನ" ಎಂಬ ಬಿರುದು ಸಿಕ್ಕಿ, ಹೂರಣ ರುಬ್ಬಲು ಶುರುವಾಗುತ್ತಿತ್ತು. ನನ್ನ ಹೊಟ್ಟೆ ಉರಿದದ್ದು ಇದಕ್ಕೆ.

ಹುಡುಗ ಆಳಂದದ ಕಡೆಯವನು. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವುದು ಮನಮಾಡದಲ್ಲಿ. ಅಲ್ಲಿಂದ ಒಂದು ದಿಕ್ಕಿಗೆ ನಾಸಿಕ, ಇನ್ನೊಂದು ದಿಕ್ಕಿಗೆ ಛತ್ರಪತಿ ಸಂಭಾಜಿನಗರ. ಅವನ ಅಜ್ಜಿಗೆ ಅದು ಇನ್ನೂ ಔರಂಗಾಬಾದೇ. ಮೊದಲು ಅಲ್ಲಿಯ ಶೇಂದ್ರಾದಲ್ಲಿ ಪಾಯದ ಗುಂಡಿಗಳಿಗೆ ಕಂಬಿ ಹೊತ್ತ. ಈಗ ನಾಸಿಕದಲ್ಲಿ, 2027ರ ಕುಂಭಮೇಳದ ತಯಾರಿಯಲ್ಲಿ. ಹೊರುವವನು ಒಂದು ದಿನ ಕಟ್ಟುವವನಾಗುತ್ತಾನೆ: 18 ಗೇಜಿನ ತಂತಿ ಮಡಚಿ, ಎರಡು ಕಂಬಿ ಕೂಡುವಲ್ಲಿ ಸುತ್ತಿ, ಕೊಕ್ಕೆ ಸಿಗಿಸಿ, ಮಣಿಕಟ್ಟಿನ ಎರಡೇ ತಿರುವು. ಆಸೆಪಟ್ಟು ಇನ್ನೂ ತಿರುವಿದರೆ ತಂತಿ ಹರಿಯುತ್ತದೆ. ಆಮೇಲೆ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗು ಬಗ್ಗಿಸುವುದು. ತುದಿ 135 ಡಿಗ್ರಿ ಒಳಕ್ಕೆ ಬಾಗಬೇಕು. 90ಕ್ಕೇ ಬಿಟ್ಟರೆ ನೆಲ ನಡುಗಿದಾಗ ಬಿಚ್ಚಿಕೊಳ್ಳುತ್ತದೆ. 1993ರ ಕಿಲ್ಲಾರಿ ಭೂಕಂಪ ಕಂಡ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಂಬಿಯ ತೂಕಕ್ಕೊಂದು ಮಗ್ಗಿಯಿದೆ. ದಪ್ಪವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೊ ಎಂಬುದು ಬಂತು. 12 ಮಿ.ಮೀ. ಕಂಬಿಗೆ 0.89. ಉಕ್ಕಿನ ಸಾಂದ್ರತೆ (ಘನ ಮೀಟರಿಗೆ 7,850 ಕಿಲೊ), ಪೈ, ನಾಲ್ಕು ಎಲ್ಲವನ್ನೂ ಕುದಿಸಿ ಇಳಿಸಿದ ಕಷಾಯ ಆ 162. ಟನ್ ಲೆಕ್ಕದಲ್ಲಿ ಕೂಲಿ ಪಡೆಯುವ ತಂಡಕ್ಕೆ ಇದು ಬಂದರೆ ಮೋಸ ಹೋಗುವುದಿಲ್ಲ. ನಕ್ಷೆ ಓದಲು ಬಂದವನು ಮೇಸ್ತ್ರಿ, ಬಾರದವನು ತಲೆ ನರೆತರೂ ಕೊಕ್ಕೆಯವನೇ.

ನಕ್ಷೆ ಎಂದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ನೆನಪಾಗುತ್ತಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಚಿತ್ರಕಾರನಾಗಲು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು, ಆದರೆ ಬಣ್ಣಗಳು ಸರಿಯಾಗಿ ಕಾಣುತ್ತಿರಲಿಲ್ಲ. ಸರಿ, ಬಣ್ಣ ಬೇಡದ ಯಂತ್ರದ ನಕ್ಷೆ ಕಲಿತು, ಅದನ್ನೇ ಕಲಿಸುವ ಮೇಷ್ಟರಾದರು. ಬಡ್ತಿ ಬೇರೆಯವರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ನೋಡಿಕೊಂಡರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅದನ್ನು ಮುಟ್ಟಲಿಲ್ಲ. ಬೆಳಗಾವಿಯಲ್ಲಿ ಜಾಗವೂ ಹೋಯಿತು. ಔಂಧ್ ಸಂಸ್ಥಾನದ ರಾಜರು ಕೊಟ್ಟ ಕುಂಡಲದ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಎದ್ದಿತು. ಈಗ ಅವರ ಹೆಸರಿಗೆ ಎಲ್ಲರೂ ಕೈಮುಗಿಯುತ್ತಾರೆ. ನೇಗಿಲು ಮಾರಾಟವಾಗದ ಆ ವರ್ಷಗಳಲ್ಲಿ ವರ ನೋಡಲು ಹೋಗಿದ್ದರೆ ನಮ್ಮವರು ಮಳೆ-ಬೆಳೆಯ ಮಾತೇ ಆಡುತ್ತಿದ್ದರು.

ಹಾಗೆಂದು ಕಂಬಿ ಕಟ್ಟುವವರೆಲ್ಲ ಕಿರ್ಲೋಸ್ಕರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ಕಾದ ಕಂಬಿ ಹಿಡಿದರೆ ಅಂಗೈ ಸುಡುತ್ತದೆ, ಎತ್ತರದಿಂದ ಬಿದ್ದರೆ ಜೀವ ಹೋಗುತ್ತದೆ. ನೀವು ಮನೆ ಕಟ್ಟಿಸುವವರಾದರೆ ಸ್ಲ್ಯಾಬ್ ಹಾಕುವ ಮುಂಚೆ ಒಮ್ಮೆ ಮೇಲೆ ಹತ್ತಿ ರಿಂಗಿನ ತುದಿ ನೋಡಿ. ಹೆಲ್ಮೆಟ್, ಬೆಲ್ಟ್ ಇಲ್ಲದೆ ಹುಡುಗರನ್ನು ಎತ್ತರಕ್ಕೆ ಹತ್ತಿಸುವ ಗುತ್ತಿಗೆದಾರನಿಗೆ ಕೆಲಸ ಕೊಡಬೇಡಿ.