ಸಂತೆಕಲ್ಲೂರಿನಿಂದ ಬೆಂಗಳೂರಿಗೆ: ಕಾರೋ, ರೈಲೋ?



ನಿಮ್ಮ ಮನೆಯಲ್ಲೂ ಈ ಚರ್ಚೆ ನಡೆದಿರಬಹುದು. ದೊಡ್ಡ ಊರಿಗೆ ಹೋಗಬೇಕು. ಮದುವೆ ಇರಬಹುದು, ಮಗನ ಕಾಲೇಜಿರಬಹುದು, ಆಸ್ಪತ್ರೆ ಇರಬಹುದು. ಹೋಗುವುದು ನಿಶ್ಚಯವಾದ ಮರುಕ್ಷಣವೇ ಪ್ರಶ್ನೆ ಏಳುತ್ತದೆ. ಕಾರಿನಲ್ಲಿ ಹೋಗೋಣವೇ? ಬಸ್ಸಿನಲ್ಲೋ, ರೈಲಿನಲ್ಲೋ? ಗಂಡಸರು ರಸ್ತೆಯ ಬಗ್ಗೆ, ಗಂಟೆಗಳ ಬಗ್ಗೆ ಮಾತಾಡುತ್ತಾರೆ. ನಾವು ರೊಟ್ಟಿ ಎಷ್ಟು ಕಟ್ಟಬೇಕೆಂದು ಲೆಕ್ಕ ಹಾಕುತ್ತಾ ಸುಮ್ಮನಿರುತ್ತೇವೆ. ಹಾಗೆ ಸುಮ್ಮನಿದ್ದುದಕ್ಕೆ ನನ್ನ ತಾಯಿ ಕೊಟ್ಟ ಬೆಲೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಈ ಬರಹ.

ನಮ್ಮೂರು ರಾಯಚೂರು ಜಿಲ್ಲೆ ಮಸ್ಕಿ ತಾಲೂಕಿನ ಸಂತೆಕಲ್ಲೂರು. ಬೇಸಾಯದ ಬಗ್ಗೆ 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಗ್ರಂಥವನ್ನು ಬರೆದ ಘನಮಠದ ಶಿವಯೋಗಿಗಳ ಊರೆಂದು ಇದನ್ನು ಹಲವರು ಬಲ್ಲರು. ಇಲ್ಲಿಂದ ಬೆಂಗಳೂರಿಗೆ ಹೊರಟರೆ ನಾವು ಮೊದಲು ಮಸ್ಕಿಗೆ ಬರುತ್ತೇವೆ. ಅಶೋಕ ಚಕ್ರವರ್ತಿಯ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಈ ಮಸ್ಕಿಯಲ್ಲಿ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ ದಾಟಿ ಹಿರಿಯೂರು ಮುಟ್ಟುತ್ತದೆ. ಅಲ್ಲಿಂದ ತುಮಕೂರಿನ ಮೇಲೆ ಬೆಂಗಳೂರು. ಒಟ್ಟು ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ.

ಕಾರಿನಲ್ಲಿ ಹೋದಾಗ

ನನ್ನ ಅಮ್ಮಿಗೆ ಹೃದಯದ ತೊಂದರೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದ್ದಾರೆ. ಹಳೆಯ ಕಾಗದಪತ್ರಗಳೆಲ್ಲ ಅಲ್ಲೇ ಇರುವುದರಿಂದ ತಪಾಸಣೆಗೂ ಅಲ್ಲಿಗೇ ಹೋಗುತ್ತೇವೆ. 2023ರ ನವೆಂಬರಿನಲ್ಲಿ ಹೋಗುವ ದಿನ ಬಂದಾಗ ತಮ್ಮ ಕಾರು ಕೊಂಡು ಇನ್ನೂ ಆರು ತಿಂಗಳಾಗಿರಲಿಲ್ಲ. "ಆಪಾ, ನನ್ನ ಕಾರು ಮನೆ ಮುಂದೆ ನಿಂತಿರುವಾಗ ಅಮ್ಮಿ ಬಸ್ಸಿನಲ್ಲಿ ಹೋಗುವುದೇ? ಜನ ಏನಂದಾರು?" ಎಂದ. ಅವನ ಪ್ರೀತಿ ದೊಡ್ಡದು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಇಡೀ ದಿನ ಅಂಗಡಿಯಲ್ಲಿ ದುಡಿದು ಇಶಾ ನಮಾಝ್ ಮುಗಿಸಿ ಅವನು ಸ್ಟಿಯರಿಂಗ್ ಹಿಡಿದ. ಬೆಳಗಾಗುವಷ್ಟರಲ್ಲಿ ಬೆಂಗಳೂರು ಎಂಬುದು ಅವನ ಎಣಿಕೆ. ಬಳ್ಳಾರಿವರೆಗೆ ಮಾತಾಡುತ್ತಾ ಹೋದೆವು. ಚಳ್ಳಕೆರೆ ದಾಟಿದ ಮೇಲೆ ಎಲ್ಲರಿಗೂ ಮಂಪರು. ಫಕ್ಕನೆ ಕಾರು ರಸ್ತೆಯ ಅಂಚಿಗೆ ಇಳಿದು ಕಲ್ಲಿನ ಮೇಲೆ ಕುಲುಕಾಡಿತು. ನಾನು ಕಣ್ಣು ಬಿಟ್ಟಾಗ ಎದುರಿಗೆ, ಕೈಯಳತೆಯಲ್ಲಿ ಎನ್ನುವಷ್ಟು ಹತ್ತಿರ, ದೀಪವಿಲ್ಲದೆ ನಿಂತ ಒಂದು ಲಾರಿಯ ಹಿಂಭಾಗ. ತಮ್ಮ ಚೀರಿ ಸ್ಟಿಯರಿಂಗ್ ತಿರುಗಿಸಿದ. ಅಲ್ಲಾಹನ ಅನುಗ್ರಹದಿಂದ ಉಳಿದೆವು. ಅವನಿಗೆ ಒಂದು ಕ್ಷಣ ನಿದ್ದೆ ಹತ್ತಿತ್ತು, ಅಷ್ಟೆ. ಆಮೇಲೆ ಅವನು ರಸ್ತೆ ಬದಿಯಲ್ಲಿ ಕುಳಿತು ಮಗುವಿನಂತೆ ಅತ್ತ.

ತುಮಕೂರು ರಸ್ತೆಯಿಂದ ನಗರ ಹೊಕ್ಕ ಮೇಲೆ ಆಸ್ಪತ್ರೆ ಸೇರಲು ಇನ್ನೂ ಎರಡು ಗಂಟೆ ಹಿಡಿಯಿತು. ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ತಮ್ಮ ಒಂದು ಕಡೆ, ಅಮ್ಮಿಯ ಕೈ ಹಿಡಿದು ಸರತಿ ಸಾಲಿನಲ್ಲಿ ನಾನು ಒಂದು ಕಡೆ. ಅಮ್ಮಿಯ ಪಾದಗಳು ಊದಿದ್ದವು, ಏದುಸಿರು. ಡಾಕ್ಟರರು ನೋಡಿ, "ನೀರಿಳಿಸುವ ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದು ಕೇಳಿದರು. ಅಮ್ಮಿ ತಲೆ ತಗ್ಗಿಸಿದರು.

ಉತ್ತರ ಸಿಕ್ಕಿದ್ದು ಊರಿಗೆ ಮರಳಿದ ಮೇಲೆ. ಹೊರಡುವ ಹಿಂದಿನ ದಿನದಿಂದಲೇ ಅವರು ಆ ಮಾತ್ರೆ ಬಿಟ್ಟಿದ್ದರು. ನೀರನ್ನೂ ಗುಟುಕು ಗುಟುಕಾಗಿ ಮಾತ್ರ ಕುಡಿದಿದ್ದರು. "ಮಾತ್ರೆ ತಗೊಂಡರೆ ಗಂಟೆಗೊಮ್ಮೆ ಹೋಗಬೇಕು ಮಗಳೇ. ರಾತ್ರಿ ಹೊತ್ತು ಎಲ್ಲಿ ಇಳಿಯಲಿ? ಮಗನಿಗೆ ಕಾರು ನಿಲ್ಲಿಸು ಅಂತ ಎಷ್ಟು ಸಲ ಹೇಳಲಿ?" ಎಂದರು.

ಓದುಗ ಸಹೋದರಿಯರೇ, ಆ ರಾತ್ರಿ ನಾವು ಎರಡು ಅಪಾಯಗಳ ಜೊತೆ ಕುಳಿತಿದ್ದೆವು. ಲಾರಿಯ ಅಪಾಯ ಎಲ್ಲರಿಗೂ ಕಂಡಿತು. ಅಮ್ಮಿಯ ಅಪಾಯ ಯಾರಿಗೂ ಕಾಣಲಿಲ್ಲ. ದೂರದ ಪ್ರಯಾಣಕ್ಕೆ ಮುಂಚೆ ನೀರು ಬಿಡುವುದು ನಮ್ಮಲ್ಲಿ ಎಷ್ಟು ಹೆಂಗಸರಿಗೆ ರೂಢಿಯಾಗಿಬಿಟ್ಟಿದೆ! ನಾನೂ ಹಾಗೇ ಮಾಡುತ್ತಿದ್ದೆ. ಅದಕ್ಕೇ ಅಮ್ಮಿಯನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಮನೆಯಲ್ಲಿ ಮತ್ತೆ ಚರ್ಚೆ

2025ರ ಅಕ್ಟೋಬರಿನಲ್ಲಿ ಮತ್ತೆ ಹೋಗುವುದಿತ್ತು. ಈ ಸಲ ನಾನು ಮೊದಲೇ ಕಾಗದ ಪೆನ್ನು ಹಿಡಿದು ಕುಳಿತೆ.

ಕಾರಿನಲ್ಲಾದರೆ ಹೋಗಿ ಬರಲು ಸುಮಾರು 860 ಕಿಲೋಮೀಟರು. ಲೀಟರಿಗೆ 18 ಕಿಲೋಮೀಟರು ಕೊಟ್ಟರೂ 48 ಲೀಟರ್ ಪೆಟ್ರೋಲು. ಲೀಟರಿನ ಬೆಲೆ ನೂರು ರೂಪಾಯಿ ದಾಟಿರುವುದರಿಂದ ಅದೇ ಐದು ಸಾವಿರದ ಹತ್ತಿರ. ಟೋಲು, ಪಾರ್ಕಿಂಗು, ದಾರಿಯ ಚಹಾ ಬೇರೆ. ಬಾಡಿಗೆ ಕಾರಾದರೆ ಕಿಲೋಮೀಟರಿಗೆ 12 ರೂಪಾಯಿಯಂತೆ ಹತ್ತು ಸಾವಿರ ಮೀರುತ್ತದೆ, ಡ್ರೈವರ್ ಭತ್ಯೆ ಪ್ರತ್ಯೇಕ.

ಬಸ್ಸಿನಲ್ಲಾದರೆ ನಮಗೆ ಖರ್ಚೇ ಇಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರು ಗುರುತಿನ ಚೀಟಿ ತೋರಿಸಿ ಸಾಮಾನ್ಯ ಹಾಗೂ ವೇಗದೂತ ಸರಕಾರಿ ಬಸ್ಸುಗಳಲ್ಲಿ ಉಚಿತವಾಗಿ ಹೋಗಬಹುದು. ಆದರೆ ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಉಚಿತದ ಬಸ್ಸಿನಲ್ಲಿ ರಾತ್ರಿಯಿಡೀ ಕಾಲು ಇಳಿಬಿಟ್ಟು ಕುಳಿತಿರಬೇಕು. ಊದಿದ ಪಾದದ ಅಮ್ಮಿಗೆ ಅದು ಆಗದು.

ಇನ್ನು ಉಳಿದದ್ದು ರೈಲು. ಮುನಿರಾಬಾದ್-ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಅದು ಸಿಂಧನೂರು ಮುಟ್ಟಿದ್ದು 2024ರ ಮಾರ್ಚಿನಲ್ಲಿ. ನಾನು ಮದುವೆಯಾಗುವ ಮೊದಲು ಮಾತಿಗೆ ಬಂದ ರೈಲನ್ನು ನನ್ನ ಮಗ ಕಾಲೇಜು ಸೇರಿದ ಮೇಲೆ ಕಂಡೆವು! ಈಗ ಸಿಂಧನೂರಿನಿಂದ ಯಶವಂತಪುರಕ್ಕೆ ನೇರ ರೈಲಿದೆ. ಸ್ಲೀಪರಿನಲ್ಲಿ ಮೂವರು ಹೋಗಿ ಬರಲು ಎರಡು ಸಾವಿರದ ಆಸುಪಾಸು.

ತಮ್ಮನ ಮುಖ ಸಪ್ಪಗಾಯಿತು. "ಒಂದು ಸಲ ತಪ್ಪಾಯಿತು ಅಂತ ನನ್ನ ಮೇಲೆ ನಂಬಿಕೆ ಇಲ್ಲವೇನು ಆಪಾ? ಈ ಸಲ ಹಗಲು ಹೊರಡೋಣ" ಎಂದ. ಅವನ ಮಾತಿನಲ್ಲಿ ಅರ್ಥವಿತ್ತು. ರೈಲು ಕಾರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಊರಿನಿಂದ ಸಿಂಧನೂರು ಸ್ಟೇಷನ್ನಿನವರೆಗೂ ಹೋಗಬೇಕು. ನಾನು ಉತ್ತರಿಸುವ ಮೊದಲೇ ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಅಮ್ಮಿ ಕೇಳಿದರು:

"ರೈಲಿನಲ್ಲಿ ಪಾಯಿಖಾನೆ ಇರುತ್ತದಲ್ಲ?"

ತಮ್ಮ ಅವರ ಮುಖ ನೋಡಿದ. ಹಿಂದಿನ ಸಲದ ವಿಷಯ ಅವನಿಗೆ ಆಗಲೇ ಗೊತ್ತಾದದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಿಕೆಟ್ ನಾನು ತೆಗೆಸುತ್ತೇನೆ" ಎಂದು ಎದ್ದು ಹೋದ.

ರೈಲಿನ ದಾರಿ

ಹೊರಡುವ ದಿನ ತಮ್ಮ ತನ್ನ ಕಾರಿನಲ್ಲೇ ನಮ್ಮನ್ನು ಸಿಂಧನೂರು ಸ್ಟೇಷನ್ನಿಗೆ ಬಿಟ್ಟ. ಮಸ್ಕಿಯಿಂದ ಸಿಂಧನೂರಿಗೆ ಸುಮಾರು ಮೂವತ್ತು ಕಿಲೋಮೀಟರು. ಸಿಂಧನೂರು ಸಮೀಪಿಸಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು. ನಮ್ಮ ಕಡೆಯ ಮಳೆಯಾಶ್ರಿತ ಎರೆ ಹೊಲಗಳನ್ನು ನೋಡಿದ ಕಣ್ಣಿಗೆ ಅದೇ ಒಂದು ಹಬ್ಬ.

ಅಮ್ಮಿಗೆ ಕೆಳಗಿನ ಬರ್ತು ಸಿಕ್ಕಿತ್ತು. ಹಿರಿಯ ನಾಗರಿಕರಿಗೂ 45 ದಾಟಿದ ಮಹಿಳೆಯರಿಗೂ ಕೆಳ ಬರ್ತಿನ ಆದ್ಯತೆ ಇದೆ. ಟಿಕೆಟ್ ತೆಗೆಸುವಾಗ ವಯಸ್ಸನ್ನು ಸರಿಯಾಗಿ ಬರೆಸಿ. ಕಾರಟಗಿ, ಗಂಗಾವತಿ, ಹೊಸಪೇಟೆ ಎಂದು ಊರುಗಳು ಹಿಂದೆ ಸರಿದವು. ನಾವು ಕಟ್ಟಿ ತಂದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಿಚ್ಚಿದಾಗ ಎದುರಿನ ಸೀಟಿನ ಮುದುಕಮ್ಮ ತಮ್ಮ ಡಬ್ಬಿಯ ಮಾದಲಿ ಕೊಟ್ಟು ನಮ್ಮ ಚಟ್ನಿ ತಗೊಂಡರು. ಅವರು ಕೂಡ ಆಸ್ಪತ್ರೆಗೇ ಹೊರಟವರು. ಇಬ್ಬರೂ ತಮ್ಮ ತಮ್ಮ ಮಾತ್ರೆಗಳನ್ನು ತೋರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ನಮಾಝನ್ನು ಕಸ್ರ್ ಮಾಡಿ ಮುಗಿಸಿದೆವು. ಅಮ್ಮಿ ಮಾತ್ರೆ ನುಂಗಿ, ಲೋಟ ತುಂಬಾ ನೀರು ಕುಡಿದು ಮಲಗಿದರು. ರಾತ್ರಿ ನಾಲ್ಕು ಸಲ ಎದ್ದರು. ನಾನೂ ನಾಲ್ಕು ಸಲ ಜೊತೆಗೆ ಹೋದೆ. ಶೌಚಾಲಯ ಶುಭ್ರವಾಗಿತ್ತೆಂದು ಹೇಳಲಾರೆ, ಆದರೆ ಅದು ಅಲ್ಲಿತ್ತು.

ಯಶವಂತಪುರ ರೈಲು ನಿಲ್ದಾಣದ ಹತ್ತಿರವೇ ಮೆಟ್ರೋ ಹಸಿರು ಮಾರ್ಗದ ನಿಲ್ದಾಣವಿದೆ. ಬೆಳಗಾದ ಮೇಲೆ ನಿಧಾನವಾಗಿ ನಡೆದು ಹೋದೆವು. ಲಿಫ್ಟ್ ಇರುವುದರಿಂದ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಮೆಜೆಸ್ಟಿಕ್, ಲಾಲ್‌ಬಾಗ್ ದಾಟಿ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಬೊಮ್ಮಸಂದ್ರದ ಕಡೆಗೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಸ್ವಲ್ಪ ಹೊತ್ತು ಕಾದು ಅದನ್ನು ಹತ್ತಿದರೆ ರಾಗಿಗುಡ್ಡದ ನಂತರದ ನಿಲ್ದಾಣದ ಹೆಸರೇ ಜಯದೇವ ಆಸ್ಪತ್ರೆ! ಹಿಂದಿನ ಸಲ ಎರಡು ಗಂಟೆ ಸಿಗ್ನಲ್ಲುಗಳಲ್ಲಿ ನಿಂತ ಊರಿನಲ್ಲಿ ಈ ಸಲ ಕಿಟಕಿಯಿಂದ ಮರಗಳ ತಲೆ ನೋಡುತ್ತಾ ಬಂದೆವು. ಆಸ್ಪತ್ರೆಯಲ್ಲಿ ಅಮ್ಮಿ ಡಾಕ್ಟರರಿಗೆ ತಾವೇ ಮುಂದಾಗಿ ಹೇಳಿದರು: "ಮಾತ್ರೆ ಒಂದೂ ಬಿಟ್ಟಿಲ್ಲ."

ನಿಮಗೊಂದು ಮಾತು

ಕಾರು ಕೆಟ್ಟದ್ದು, ರೈಲು ಒಳ್ಳೆಯದು ಎಂದು ಇದರ ಅರ್ಥವಲ್ಲ. ಶಸ್ತ್ರಚಿಕಿತ್ಸೆ ಮುಗಿಸಿ ಬರುವವರಿಗೆ, ನಡೆಯಲಾಗದವರಿಗೆ ಕಾರೇ ಬೇಕಾಗಬಹುದು. ಆಗ ಹಗಲಿನಲ್ಲಿ ಹೊರಡಿ, ಹಿಂದಿನ ರಾತ್ರಿ ಚೆನ್ನಾಗಿ ಮಲಗಿದವರೇ ಓಡಿಸಲಿ, ಎರಡು ಗಂಟೆಗೊಮ್ಮೆ ನಿಲ್ಲಿಸುವುದನ್ನು ಯಾರೂ ಕೇಳದೆಯೇ ನಿಯಮ ಮಾಡಿಕೊಳ್ಳಿ. ಕೇಳಬೇಕಾಗಿ ಬಂದರೆ ನಮ್ಮ ಹಿರಿಯರು ಕೇಳುವುದಿಲ್ಲ. ಎದೆನೋವು ಕಾಣಿಸಿಕೊಂಡಾಗಲಂತೂ ಬೆಂಗಳೂರಿನ ಮಾತೇ ಬೇಡ. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಧಾವಿಸಿ. ಹೊಸದಾಗಿ ತೋರಿಸುವವರು ಕಲಬುರಗಿಯ ಜಯದೇವ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಅಲ್ಲಿ 2024ರ ಡಿಸೆಂಬರಿನಲ್ಲಿ ಹೊಸ ಕಟ್ಟಡ ಉದ್ಘಾಟನೆಯಾಗಿದೆ.

ರೈಲಾದರೆ ಮುಂಗಡ ಟಿಕೆಟ್ ಮುಖ್ಯ. 2024ರ ನವೆಂಬರಿನಿಂದ 60 ದಿನ ಮೊದಲು ಮಾತ್ರ ಬುಕಿಂಗ್. ವೇಟಿಂಗ್ ಲಿಸ್ಟ್ ನಂಬಿ ರೋಗಿಯನ್ನು ಕರೆದೊಯ್ಯಬೇಡಿ. ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಆದರೆ ಹೃದಯದ ಶಸ್ತ್ರಚಿಕಿತ್ಸೆಗೆ, ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ರೋಗಿಗಳಿಗೆ ಆಸ್ಪತ್ರೆಯ ಪ್ರಮಾಣಪತ್ರದ ಮೇಲೆ ರಿಯಾಯಿತಿ ಇದೆ. ಕೇಳಿ ಪಡೆಯಿರಿ.

ಮದ್ರಸಾದಲ್ಲಿ ಓದುವಾಗ ನಮಗೆ ಒಂದು ಪಾಠವಿತ್ತು. ನಮಾಝಿಗೆ ನೇತೃತ್ವ ಕೊಡುವ ಇಮಾಮರು ತಮ್ಮ ಹಿಂದೆ ವೃದ್ಧರು, ರೋಗಿಗಳು, ದುರ್ಬಲರು ನಿಂತಿದ್ದಾರೆಂಬುದನ್ನು ನೆನಪಿನಲ್ಲಿಟ್ಟು ನಮಾಝನ್ನು ಹಗುರಗೊಳಿಸಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ಇದನ್ನು ನಾನು ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದ್ದೇನೆ. ಅಮ್ಮಿಯನ್ನು ಕಾರಿನಲ್ಲಿ ಕೂರಿಸಿದ ರಾತ್ರಿ ಮಾತ್ರ ಅದು ನೆನಪಾಗಲಿಲ್ಲ. ಯಾವುದು ಬೇಗ, ಯಾವುದು ಅಗ್ಗ, ಯಾವುದು ಮರ್ಯಾದೆ ಎಂದು ಕೇಳುವ ಮೊದಲು ನಮ್ಮಲ್ಲಿ ಎಲ್ಲರಿಗಿಂತ ದುರ್ಬಲರಾದವರಿಗೆ ಯಾವುದು ಹಗುರ ಎಂದು ಕೇಳಬೇಕು. ಅದನ್ನು ಎಲ್ಲರೆದುರು ಕೇಳಬೇಡಿ. ಅಡುಗೆಮನೆಯಲ್ಲಿ, ಮೆಲ್ಲಗೆ, ಹೆಂಗಸರಷ್ಟೇ ಇರುವಾಗ ಕೇಳಿ.

ಮರಳಿ ಬಂದಾಗ ತಮ್ಮ ಸಿಂಧನೂರು ಸ್ಟೇಷನ್ನಿನಲ್ಲಿ ಕಾರಿನೊಂದಿಗೆ ಕಾಯುತ್ತಿದ್ದ. ಹಿಂದಿನ ಸೀಟಿನಲ್ಲಿ ಒಂದು ನೀರಿನ ಬಾಟಲಿ ಇಟ್ಟಿದ್ದ. "ಅಮ್ಮಿ, ಕುಡಿಯಿರಿ. ಮಸ್ಕಿಯಲ್ಲಿ ನನ್ನ ಸ್ನೇಹಿತನ ಮನೆಯಿದೆ, ಅಲ್ಲಿ ನಿಲ್ಲಿಸುತ್ತೇನೆ" ಎಂದ. ಅಮ್ಮಿ ನಗುತ್ತಾ ಬಿಸ್ಮಿಲ್ಲಾಹ್ ಹೇಳಿ ಬಾಟಲಿ ತೆರೆದರು.