ಗಂಟೆ ಎಷ್ಟು?

ರಾಜಗೋಪಾಲನಗರದ ನಮ್ಮ ಮನೆಯ ಮಹಡಿಯಲ್ಲಿ ನಾಲ್ವರು ಹುಡುಗರು ಬಾಡಿಗೆಗಿದ್ದಾರೆ. ಇಬ್ಬರು ಯಾದಗಿರಿ ಕಡೆಯವರು, ಒಬ್ಬ ಸಿಂಧನೂರಿನವನು, ಇನ್ನೊಬ್ಬ ನಮ್ಮ ಮಧುಗಿರಿ ತಾಲ್ಲೂಕಿನವನೇ. ಇಬ್ಬರು ಬಿ.ಕಾಂ. ಓದುತ್ತಾರೆ. ಡಿಪ್ಲೊಮಾ ಮುಗಿಸಿದ ಉಳಿದಿಬ್ಬರಿಗೆ ಹಗಲು ಪೀಣ್ಯದ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಕೆಲಸ, ರಾತ್ರಿ ಮುಕ್ತ ವಿಶ್ವವಿದ್ಯಾಲಯದ ಪುಸ್ತಕ.

ಕಳೆದ ತಿಂಗಳು ಒಂದು ರಾತ್ರಿ ಸಿಂಧನೂರಿನ ಹುಡುಗ ಮೆಟ್ಟಿಲ ಮೇಲೆ ನಿಂತು ಊರಿಗೆ ಫೋನಿನಲ್ಲಿ ಮಾತಾಡುತ್ತಿದ್ದ. ‘ಈಗಷ್ಟೇ ಊಟ ಆಯ್ತಪ್ಪಾ. ಅನ್ನ, ಸಾರು, ಮೊಟ್ಟೆ. ದುಡ್ಡು ಇದೆ, ಕಳಿಸಬೇಡ’ ಎನ್ನುತ್ತಿದ್ದುದು ಕೆಳಗೆ ಗೇಟಿಗೆ ಬೀಗ ಹಾಕುತ್ತಿದ್ದ ನನ್ನ ಕಿವಿಗೂ ಬಿತ್ತು. ಅವರ ಗ್ಯಾಸ್ ಮುಗಿದು ಎರಡು ದಿನವಾಗಿತ್ತು. ಅಂದು ಸಂಜೆ ನಾಲ್ವರೂ ಬೇಕರಿಯ ಮುಂದೆ ನಿಂತು ಬನ್ನು, ಟೀಯಲ್ಲಿ ಊಟ ಮುಗಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಮರುದಿನ ನನ್ನವಳು ಒಂದು ಪಾತ್ರೆ ಬಿಸಿಬೇಳೆಭಾತು ಮೇಲಕ್ಕೆ ಕಳಿಸಿದಳು, ಆ ಮಾತು ಬೇರೆ. ಆದರೆ ಹುಡುಗನ ಆ ಸುಳ್ಳು ನನಗೆ ಹಳೆಯ ಪರಿಚಯದ್ದು.

1994ರ ಜೂನ್‌ನಲ್ಲಿ ನಾನು ಒಂದು ಟ್ರಂಕು, ಒಂದು ಚಾಪೆ ಹಿಡಿದು ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದೆ. ಹಾಸ್ಟೆಲಿನಲ್ಲಿ ಸೀಟು ಸಿಗುವುದೆಂದು ಅಪ್ಪ ನಂಬಿದ್ದರು. ಸಿಗಲಿಲ್ಲ. ಊರಿಗೆ ಹಿಂದಿರುಗಿದರೆ ಹೊಲ. ಹಾಗಾಗಿ ಊರಿನ ಪರಿಚಯದವನೊಬ್ಬನ ಜೊತೆ ರಾಜಗೋಪಾಲನಗರದ ಶೀಟಿನ ಮನೆಯೊಂದನ್ನು ಸೇರಿಕೊಂಡೆ. ಹಗಲು ಪೀಣ್ಯ ಎರಡನೇ ಹಂತದ ಸಣ್ಣ ಪ್ರೆಸ್ ಶಾಪಿನಲ್ಲಿ ಹೆಲ್ಪರ್, ಸಂಜೆ ರಾಜಾಜಿನಗರದಾಚೆಯ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಅಪ್ಪನಿಗೆ ಬರೆದ ಕಾಗದದಲ್ಲಿ ಮಾತ್ರ ಹಗಲಿನ ಕಾಲೇಜು, ಹಾಸ್ಟೆಲು, ಮುದ್ದೆ ಊಟ ಎಲ್ಲ ಇದ್ದವು. ‘ಮಗ ಓದುತ್ತಿದ್ದಾನೆ’ ಎಂದು ಅವರು ಊರ ತುಂಬ ಹೇಳಿಕೊಂಡಿದ್ದರು. ಮಗ ತಗಡು ಹೊರುತ್ತಿದ್ದಾನೆ ಎಂದು ಹೇಗೆ ಬರೆಯಲಿ?

ನನ್ನ ಅಂದಿನ ಲೆಕ್ಕದ ಪುಸ್ತಕ ಇನ್ನೂ ಇದೆ. ಸಂಬಳ 900 ರೂಪಾಯಿ. ಆರು ನೂರು ಬಾಡಿಗೆಯಲ್ಲಿ ನನ್ನ ಪಾಲು 150. ಅಕ್ಕಿ, ಸೀಮೆಎಣ್ಣೆ, ತರಕಾರಿ ಸೇರಿ 250. ಬಿ.ಟಿ.ಎಸ್. ಪಾಸು, ಸೋಪು, ಕಾಲೇಜಿನ ಫೀಜಿಗೆಂದು ತೆಗೆದಿಟ್ಟದ್ದು ಎಂದೆಲ್ಲ ಪಟ್ಟಿ ಮುಂದುವರಿಯುತ್ತದೆ. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ಅಕೌಂಟೆನ್ಸಿ ಓದುವುದೆಂದರೆ ಹೆಂಚಿನ ಮೇಲಿನ ರೊಟ್ಟಿಯಾದಂತೆ. ಆದರೂ ನಿಜ ಹೇಳಬೇಕೆಂದರೆ ನನ್ನ ಖರ್ಚು ನನ್ನ ದುಡಿಮೆಯಲ್ಲೇ ಸಾಗುತ್ತಿತ್ತು.

ಅದರ ಮೇಲೆ ಪ್ರತಿ ತಿಂಗಳು ಅಪ್ಪನ ಮನಿಯಾರ್ಡರು ಬರುತ್ತಿತ್ತು. ಇನ್ನೂರು ರೂಪಾಯಿ. ಅದನ್ನು ಕಳಿಸಲು ಅವರು ಅಂಚೆಗೆ ಇನ್ನೂ ಹತ್ತು ರೂಪಾಯಿ ಕಟ್ಟುತ್ತಿದ್ದರು. ಕೂಪನ್ನಿನ ಮೇಲೆ ‘ಚೆನ್ನಾಗಿ ಓದು, ಹೊಟ್ಟೆ ಕಟ್ಟಬೇಡ’ ಎಂಬ ಒಂದೇ ಸಾಲು. ವಿಳಾಸ ಹಾಸ್ಟೆಲಿನದಾಗಿರಬೇಕಲ್ಲ ಎಂದು ನೀವು ಕೇಳಬಹುದು. ‘ಹಾಸ್ಟೆಲಿಗೆ ಬಂದರೆ ಕಳೆದುಹೋಗುತ್ತದೆ, ಸ್ನೇಹಿತನ ರೂಮಿಗೆ ಕಳಿಸಿ’ ಎಂದು ಬರೆದಿದ್ದೆ. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು. ಆ ಹಣ ಬೇಡವೆಂದು ಬರೆಯೋಣವೆಂದು ಎಷ್ಟೋ ಸಲ ಅನ್ನಿಸಿದ್ದುಂಟು. ಆದರೆ ಬೇಡವೆನ್ನಲು ಕಾರಣ ಹೇಳಬೇಕಲ್ಲ!

ಹೀಗೆ ಉಳಿದ ದುಡ್ಡಿನಲ್ಲಿ ಎರಡನೇ ವರ್ಷ ಒಂದು ಎಚ್.ಎಂ.ಟಿ. ಗಡಿಯಾರ ಕೊಂಡೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ನಮ್ಮ ಜಾಲಹಳ್ಳಿಯಲ್ಲೇ ಶುರುವಾದ ಕಾರ್ಖಾನೆ ಅದು. ಆ ಗಡಿಯಾರ ಕೈಯಲ್ಲಿದ್ದರೆ ಹೆಲ್ಪರನೂ ಒಂದು ಗೇಣು ಎತ್ತರವಾಗುತ್ತಿದ್ದ.

ಅದೇ ವರ್ಷ ಒಂದು ಮಧ್ಯಾಹ್ನ ಅಪ್ಪ ಹೇಳದೆ ಕೇಳದೆ ರಾಗಿಹಿಟ್ಟಿನ ಚೀಲದೊಂದಿಗೆ ರೂಮಿನ ಹತ್ತಿರ ಬಂದುಬಿಟ್ಟರು. ಪಕ್ಕದ ಮನೆಯಾಕೆ ಪಾಪ, ‘ಅವನು ಫ್ಯಾಕ್ಟರಿಯಲ್ಲಿ ಇರ್ತಾನೆ’ ಎಂದು ದಾರಿಯನ್ನೂ ತೋರಿಸಿದಳು. ಶಿಫ್ಟು ಮುಗಿಸಿ ಹೊರಬಂದರೆ ಗೇಟಿನ ಎದುರಿನ ಕಲ್ಲಿನ ಮೇಲೆ ಅಪ್ಪ. ನನ್ನ ಕೈಯೆಲ್ಲ ಎಣ್ಣೆಯ ಮಸಿ, ಮಣಿಕಟ್ಟಿನಲ್ಲಿ ಹೊಸ ಗಡಿಯಾರ. ಅವರು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದರು.

‘ಗಂಟೆ ಎಷ್ಟು?’ ಎಂದರು.

‘ನಾಲ್ಕೂ ಮುಕ್ಕಾಲು’ ಎಂದೆ.

‘ಹಾಗಾದರೆ ಆರರ ಬಸ್ಸು ಸಿಗುತ್ತೆ’ ಎಂದು ಚೀಲ ಕೊಟ್ಟು, ಜಾಲಹಳ್ಳಿ ಕ್ರಾಸಿನಲ್ಲಿ ನನಗೆ ಮಸಾಲೆದೋಸೆ ಕೊಡಿಸಿ, ತಾವು ಬರೀ ಕಾಫಿ ಕುಡಿದು ಹೊರಟುಹೋದರು. ಮುಂದಿನ ತಿಂಗಳೂ ಮನಿಯಾರ್ಡರು ಬಂತು. ಅದೇ ಇನ್ನೂರು, ಅದೇ ಸಾಲು.

ಆ ಇನ್ನೂರರ ಮೂಲ ನನಗೆ ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ, ಅವ್ವನಿಂದ. ಮಳೆ ಕೈಕೊಟ್ಟ ವರ್ಷಗಳವು. ಅಪ್ಪ ಊರಿನ ಸಾಹುಕಾರರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಕಳಿಸುತ್ತಿದ್ದರಂತೆ. ಗೇಟಿನ ಮುಂದೆ ನನ್ನನ್ನು ಕಂಡ ಮೇಲೂ ನಿಲ್ಲಿಸಲಿಲ್ಲ. ‘ನಿಲ್ಲಿಸಿದರೆ ಅವನ ಗುಟ್ಟು ನನಗೆ ಗೊತ್ತಾಯಿತು ಅಂತ ಹುಡುಗ ನಾಚಿಕೊಳ್ಳುತ್ತಾನೆ’ ಎಂದಿದ್ದರಂತೆ. ನಾನು ಸುಮ್ಮನಿದ್ದದ್ದು ಅವರ ಮಾನಕ್ಕೆ, ಅವರು ಸುಮ್ಮನಿದ್ದದ್ದು ನನ್ನ ಮಾನಕ್ಕೆ. ಬಡ್ಡಿ ಮಾತ್ರ ಸುಮ್ಮನಿರಲಿಲ್ಲ. ಸಾಲ ತೀರಿಸಲು ಹೋದದ್ದು ಎರಡು ಹಸು.

2008ರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಕಾರ್ಖಾನೆಗೆ ಜಪಾನಿನಿಂದ ಒಬ್ಬ ಇಂಜಿನಿಯರ್ ಬಂದಿದ್ದರು. ಅಷ್ಟು ಹೊತ್ತಿಗೆ ನಮ್ಮ ಗೋಡೆಗಳ ಮೇಲೆ ಕೈಜೆನ್, ಸೈರಿ, ಸೈಟೊನ್ ಎಂಬ ಪದಗಳು ಹತ್ತಿ ಕುಳಿತಿದ್ದವು. ಬೇಡದ್ದನ್ನು ಬೇರ್ಪಡಿಸು ಎಂಬರ್ಥದ ‘ಸೈರಿ’ಯನ್ನು ನಮ್ಮ ಆಪರೇಟರೊಬ್ಬ ಹೊಸಬರಿಗೆ ‘ಸೈರಿಸಿಕೋ ಅಂತ’ ಎಂದು ವಿವರಿಸುತ್ತಿದ್ದ. ಪೀಣ್ಯದ ಮಟ್ಟಿಗೆ ಅದೇನೂ ತಪ್ಪಲ್ಲ ಬಿಡಿ.

ಟೀ ಸಮಯದಲ್ಲಿ ಆ ಇಂಜಿನಿಯರ್, ತಾನು ವಿಶ್ವವಿದ್ಯಾಲಯದಲ್ಲಿದ್ದ ಅಷ್ಟೂ ವರ್ಷ ನೂಡಲ್ಸ್ ಅಂಗಡಿಯೊಂದರಲ್ಲಿ ಬಟ್ಟಲು ತೊಳೆದೆ ಎಂದರು. ದುಭಾಷಿಯ ಮೂಲಕ ನಾನು ‘ನಿಮ್ಮ ತಂದೆಗೆ ಗೊತ್ತಿತ್ತೇ?’ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದ ಮೇಲೆ ನಕ್ಕು, ‘ಗೊತ್ತಿಲ್ಲದೆ? ನನಗೆಷ್ಟು ಬರುತ್ತದೆಂದು ಕೇಳಿಯೇ ಅವರು ಎಷ್ಟು ಕಳಿಸಬೇಕೆಂದು ಗೊತ್ತು ಮಾಡುತ್ತಿದ್ದರು’ ಎಂದರು.

ಅಲ್ಲಿ ವಿದ್ಯಾರ್ಥಿಗಳ ಇಂಥ ಕೆಲಸಕ್ಕೆ ‘ಅರುಬೈಟೊ’ ಎನ್ನುತ್ತಾರೆ. ಕೆಲಸ ಎಂಬರ್ಥದ ಜರ್ಮನ್ ಪದದಿಂದ ಬಂದದ್ದಂತೆ. ಹೋಟೆಲಿನಲ್ಲಿ ಬಡಿಸುವುದು, ರಾತ್ರಿಯಿಡೀ ತೆರೆದಿರುವ ಅಂಗಡಿಯಲ್ಲಿ ನಿಲ್ಲುವುದು, ಮನೆಪಾಠ ಹೇಳುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಮನೆಯಿಂದ ಬರುವ ಹಣಕ್ಕೂ ‘ಶಿಒಕುರಿ’ ಎಂದು ಹೆಸರಿದೆ. ಹಾಗೆಂದು ಅಲ್ಲಿ ಎಲ್ಲ ಸುಖವೆಂದು ತಿಳಿಯಬೇಡಿ. ಟೋಕಿಯೊ ವಿಶ್ವವಿದ್ಯಾಲಯ 2025ರಲ್ಲಿ ಸೇರಿದವರಿಗೆ ವರ್ಷದ ಶುಲ್ಕವನ್ನು 5,35,800 ಯೆನ್‌ನಿಂದ 6,42,960ಕ್ಕೆ ಏರಿಸಿತು. ಸರ್ಕಾರದ ಸಂಸ್ಥೆ ಕೊಡುವ ವಿದ್ಯಾರ್ಥಿವೇತನವೂ ಬಹುಕಾಲ ಸಾಲವೇ ಆಗಿತ್ತು. ಅಲ್ಲಿನ ಮಕ್ಕಳಿಗೆ ಹಿಂದಿರುಗಿಸಬೇಕಿಲ್ಲದ ನೆರವು ಶುರುವಾದದ್ದು 2017ರಲ್ಲಿ.

ನಮ್ಮಲ್ಲೂ ಓದುವವರು ದುಡಿಯದೆ ಇರಲಿಲ್ಲ. 1881ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮನೆಪಾಠ ಹೇಳಿಯೇ ದಿನ ದೂಡಿದವರು. ವಾರಾನ್ನದ ಹುಡುಗರ ಕಥೆ ಕೇಳದ ಮನೆ ಯಾವುದು? ದೊಡ್ಡವರಾದ ಮೇಲೆ ಅದನ್ನೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆಗುತ್ತಿರುವಾಗ ಬಚ್ಚಿಡುತ್ತೇವೆ.

ಮೊನ್ನೆ ಮಹಡಿಯ ಹುಡುಗರನ್ನು ಕೂರಿಸಿಕೊಂಡು ಲೆಕ್ಕ ಕೇಳಿದೆ. ಬಾಡಿಗೆ ತಲೆಗೆ ಎರಡು ಸಾವಿರ. ಮುಂಗಡ ಹತ್ತು ತಿಂಗಳದು ಕೇಳಬೇಕಿತ್ತು, ನೀವು ಆರಕ್ಕೆ ಇಳಿಸಿದಿರಿ ಎಂದು ನನ್ನವಳು ಇಂದಿಗೂ ನೆನಪಿಸುತ್ತಾಳೆ. ಅಕ್ಕಿ, ಜೋಳ ಊರಿನಿಂದ ಬರುತ್ತವೆ. ಬಿ.ಕಾಂ. ಹುಡುಗರಲ್ಲೊಬ್ಬನಿಗೆ ವಿದ್ಯಾಸಿರಿಯ ನೆರವಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ 2013ರಲ್ಲಿ ಬಂದದ್ದು ಅದು. ಅಪ್ರೆಂಟಿಸ್‌ಗಳಿಗೆ ಸ್ಟೈಪೆಂಡ್ ಉಂಟು. 2019ರ ನಿಯಮದಲ್ಲಿ ಡಿಪ್ಲೊಮಾದವರಿಗೆ ಕನಿಷ್ಠ 8,000 ಎಂದು ಗೊತ್ತುಮಾಡಿದ್ದರು. ತಿಂಗಳ ಮೊದಲ ವಾರ ಕೋಳಿ, ಕೊನೆಯ ವಾರ ಬನ್ನು. ‘ಇದನ್ನೆಲ್ಲ ಮನೆಯಲ್ಲಿ ಹೇಳಿದ್ದೀರಾ?’ ಎಂದೆ. ನಾಲ್ವರೂ ನೆಲ ನೋಡಿದರು. ‘ಮನೆಯಲ್ಲಿ ಸಾಲವೆಷ್ಟಿದೆ ಗೊತ್ತೇ?’ ಎಂದರೆ, ಅದೂ ಯಾರಿಗೂ ಗೊತ್ತಿಲ್ಲ.

ಉಪದೇಶ ಮಾಡಿ ಕೆಳಗಿಳಿದವನಿಗೆ ನನ್ನ ಮನೆಯ ನೆನಪಾಯಿತು. ಮಗಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷ. ಕೇಳುವ ಮೊದಲೇ ಫೋನಿನಲ್ಲಿ ಹಣ ಕಳಿಸಿಬಿಡುತ್ತೇನೆ. ಕೂಪನ್ನೂ ಇಲ್ಲ, ಆ ಒಂದು ಸಾಲೂ ಇಲ್ಲ. ಕಳೆದ ಭಾನುವಾರ ಅವಳೇ ಕೇಳಿದಳು: ‘ಅಪ್ಪಾ, ನನ್ನ ಫೀಜಿಗೆ ನೀನು ಸಾಲ ಮಾಡಿದ್ದೀಯಾ?’

‘ಅದೆಲ್ಲ ನಿನಗ್ಯಾಕೆ, ಓದಿಕೋ’ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಮೇಜಿನ ಮೇಲೆ ಹಳೆಯ ಎಚ್.ಎಂ.ಟಿ. ಇತ್ತು. ಕಾರ್ಖಾನೆ ಮುಚ್ಚಿದರೂ ಕೀಲಿ ಕೊಟ್ಟರೆ ಇನ್ನೂ ಓಡುತ್ತದೆ. ಎಷ್ಟು ಸಾಲ, ಯಾವ ಬ್ಯಾಂಕು, ತಿಂಗಳ ಕಂತೆಷ್ಟು, ಎಲ್ಲವನ್ನೂ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಹಾಗಾದರೆ ನಾನೂ ನಿನಗೊಂದು ಹೇಳಬೇಕು. ಬಯ್ಯಬಾರದು’ ಎಂದಳು.