ದಾನ, ಸವಾಲು, ಹರಾಜು

2025ರ ಮಾರ್ಚ್ 19ರಂದು ನ್ಯೂಯಾರ್ಕಿನಲ್ಲಿ ಕ್ರಿಸ್ಟೀಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಎಂ. ಎಫ್. ಹುಸೇನರ ‘ಗ್ರಾಮಯಾತ್ರಾ’ ಎಂಬ ಚಿತ್ರ ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು. ಆಧುನಿಕ ಭಾರತೀಯ ಚಿತ್ರವೊಂದಕ್ಕೆ ಹರಾಜಿನಲ್ಲಿ ಅದುವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಪತ್ರಿಕೆಗಳು ಆ ಮೊತ್ತವನ್ನೇ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿದವು. ನನ್ನ ಕುತೂಹಲವನ್ನು ಕೆಣಕಿದ್ದು ಆ ಹಣ ಸಂದ ಸ್ಥಳ.

1954ರಲ್ಲಿ ರಚಿತವಾದ ಈ ಚಿತ್ರ ಹೆಚ್ಚುಕಡಿಮೆ ಹದಿನಾಲ್ಕು ಅಡಿ ಅಗಲದ್ದು. ಹಳ್ಳಿಯ ಬದುಕಿನ ಹದಿಮೂರು ದೃಶ್ಯಗಳು ಅದರಲ್ಲಿ ಒಂದರ ಪಕ್ಕ ಒಂದು ಕೂಡಿಕೊಂಡಿವೆ. ಎದೆಯ ಶಸ್ತ್ರಚಿಕಿತ್ಸೆಯ ತರಬೇತಿ ಕೇಂದ್ರವನ್ನು ಸ್ಥಾಪಿಸಲು ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ದೆಹಲಿಗೆ ಬಂದಿದ್ದ ನಾರ್ವೆಯ ವೈದ್ಯ ಲಿಯಾನ್ ಎಲಿಯಾಸ್ ವೊಲೊಡಾರ್ಸ್ಕಿ ಅದೇ ವರ್ಷ ಅದನ್ನು ಕೊಂಡರು. 1964ರಲ್ಲಿ ಚಿತ್ರವು ಅವರ ಕೊಡುಗೆಯಾಗಿ ಓಸ್ಲೊ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸೇರಿತು. ದಶಕಗಳ ಕಾಲ ಕಲಾಲೋಕದ ಕಣ್ಣಿಗೆ ಬೀಳದೆ ಅಲ್ಲಿಯ ಗೋಡೆಯ ಮೇಲೆ ಇತ್ತು. ಈಗ ಅದನ್ನು ಮಾರಿ ಬಂದ ಹಣ ವೈದ್ಯರ ತರಬೇತಿಗೆ ವಿನಿಯೋಗವಾಗಲಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಪರಿಭಾಷೆಯಲ್ಲಿ ಹೇಳುವುದಾದರೆ, ಕಲಾಕೃತಿಯೊಂದು ಔಷಧದಾನವಾಗಿ ಪರಿಣಮಿಸಿತು.

ಆದರೆ ಈ ಪ್ರಸಂಗದಲ್ಲಿ ದಾನಿ ಯಾರು? ಚಿತ್ರ ಬರೆದ ಹುಸೇನರು ಅದನ್ನು ಮಾರಿದ್ದರು. ಹರಾಜಿನಲ್ಲಿ ಕೊಂಡವರು ಕೊಟ್ಟ ಹಣಕ್ಕೆ ಪ್ರತಿಯಾಗಿ ಚಿತ್ರವನ್ನೇ ಪಡೆದರು. ಮಾರಿದ ಆಸ್ಪತ್ರೆ ಹಣವನ್ನು ತನ್ನ ಕಾರ್ಯಕ್ಕೇ ಇರಿಸಿಕೊಂಡಿತು. ಯಾವ ಪ್ರತಿಫಲವೂ ಇಲ್ಲದೆ ಕೈಬಿಟ್ಟವರು ಆ ವೈದ್ಯರೊಬ್ಬರೇ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಮುಗಿಯುವುದು ದಾನದ ವಿಚಾರವಾದ ಎರಡು ಸೂತ್ರಗಳಿಂದ. ಅನುಗ್ರಹಕ್ಕಾಗಿ ‘ಸ್ವ’ವನ್ನು ತ್ಯಜಿಸುವುದು ದಾನ ಎಂಬುದು ಮೊದಲನೆಯದರ ತಾತ್ಪರ್ಯ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷತೆ ಬರುತ್ತದೆ ಎಂಬುದು ಎರಡನೆಯದರದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ‘ಸ್ವ’ ಶಬ್ದಕ್ಕೆ ಧನವೆಂದು ಅರ್ಥ ಹೇಳುತ್ತಾರೆ. ಧನವು ‘ಸ್ವ’ ಎನಿಸಿಕೊಳ್ಳುವುದು ಅದು ತನ್ನದಾಗಿರುವುದರಿಂದಲೇ. ತನ್ನದಲ್ಲದುದನ್ನು ಕೊಟ್ಟರೆ ಅದು ಬೇರೇನಾದರೂ ಆದೀತು, ದಾನವಾಗದು. ಸತ್ಕಾರ್ಯಕ್ಕಾಗಿ ಕಲಾಕೃತಿಗಳನ್ನು ಮಾರುವ ಪ್ರಶ್ನೆಯೆಲ್ಲ ಈ ಒಂದು ಅಕ್ಷರದ ಸುತ್ತ ತಿರುಗುತ್ತದೆ ಎಂದು ನನಗೆ ತೋರುತ್ತದೆ.

ಹರಾಜಿನ ಮೂಲಕ ಧರ್ಮಕಾರ್ಯಕ್ಕೆ ಹಣ ಕೂಡಿಸುವುದು ಜೈನಸಮಾಜಕ್ಕೆ ಹೊಸತಲ್ಲ. ನಮ್ಮ ಬಸದಿಗಳಲ್ಲಿ ಅದಕ್ಕೆ ಸವಾಲು ಎಂದು ಹೆಸರು. ಅಭಿಷೇಕದ ಕಲಶ, ಆರತಿ, ಪಲ್ಲಕ್ಕಿಯ ಹೆಗಲು, ಎಲ್ಲಕ್ಕೂ ಸವಾಲು ಕೂಗುವುದುಂಟು. 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಲಶಕ್ಕೆ ಹನ್ನೊಂದು ಕೋಟಿ ರೂಪಾಯಿಗೂ ಮೀರಿ ಸಂದಿತು. ಹಣವು ಆಸ್ಪತ್ರೆಯ ನಿರ್ಮಾಣಕ್ಕೆ ಎಂದು ಆಗ ವರದಿಯಾಗಿತ್ತು. ಇಲ್ಲಿ ಗೆದ್ದವನು ಮನೆಗೆ ಒಯ್ಯುವುದು ಏನೂ ಇಲ್ಲ. ಕಲಶದ ನೀರು ಬಾಹುಬಲಿಯ ಮುಡಿಯಿಂದ ಅಡಿಗಿಳಿದು ಹರಿದುಹೋಗುತ್ತದೆ. ವಸ್ತುವಿನ ದೃಷ್ಟಿಯಿಂದ ನೋಡಿದರೆ ಸವಾಲು ಹರಾಜಿಗಿಂತ ದಾನಕ್ಕೆ ಹತ್ತಿರ.

ಮನಸ್ಸಿನ ದೃಷ್ಟಿಯಿಂದ ನೋಡಿದಾಗ ತೊಡಕು ಎದುರಾಗುತ್ತದೆ. ದಾತೃವಿನ ವಿಶೇಷವನ್ನು ಹೇಳುವಾಗ ಪೂಜ್ಯಪಾದರು ಅನಸೂಯೆ ಮತ್ತು ಅವಿಷಾದಗಳನ್ನು ಹೆಸರಿಸುತ್ತಾರೆ. ಕೊಡುವವನಲ್ಲಿ ಅಸೂಯೆ ಇರಬಾರದು, ಕೊಟ್ಟ ಮೇಲೆ ಮರುಕವೂ ಇರಬಾರದು. ಸವಾಲಾಗಲಿ ಹರಾಜಾಗಲಿ ಮೇಲೇರುವುದು ಮಾತ್ರ ಪಕ್ಕದವನ ಮೇಲಿನ ಪೈಪೋಟಿಯಿಂದ. ಇಬ್ಬರು ಹಟಕ್ಕೆ ಬೀಳದೆ ಬೆಲೆ ಏರದು. ಬಂದ ಹಣದಿಂದ ರೋಗಿಗೆ ಆಗುವ ಉಪಕಾರ ನಿಜವಾದುದೇ; ಕೊಟ್ಟವನಿಗೆ ಆಗುವ ಉಪಕಾರದ ಬಗೆಗೆ ಶಾಸ್ತ್ರ ಅಷ್ಟು ಸುಲಭವಾಗಿ ಒಪ್ಪಿಗೆ ಕೊಡುವುದಿಲ್ಲ. ಅನುಗ್ರಹವೆಂದರೆ ಸ್ವ-ಪರ ಇಬ್ಬರಿಗೂ ಆಗುವ ಉಪಕಾರ ಎಂಬುದು ಅದೇ ಟೀಕೆಯ ಮಾತು.

ಈ ಪ್ರಶ್ನೆ ನನ್ನ ಎದುರಿಗೆ ಗ್ರಂಥದ ಹೊರಗೆ ಒಮ್ಮೆ ಬಂದಿತ್ತು. ಹಸ್ತಪ್ರತಿಗಳ ಹುಡುಕಾಟದಲ್ಲಿ ನಾನು ಹೋಗಿಬರುತ್ತಿದ್ದ ಹಳ್ಳಿಯೊಂದರ ಬಸದಿಯ ಮಾಡು ಸೋರುತ್ತಿತ್ತು. ಹೆಂಚು, ಪಕಾಸಿ ಎಲ್ಲ ಬದಲಾಗಬೇಕಿತ್ತು. ಊರಲ್ಲಿ ಉಳಿದಿದ್ದವು ಏಳೆಂಟು ಶ್ರಾವಕ ಮನೆಗಳು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಬಂದು, ಬಣ್ಣದ ಹಲಗೆಗಳಿದ್ದ ತಾಡವೋಲೆಯ ಒಂದು ಕಟ್ಟನ್ನು ಕೊಟ್ಟರೆ ಇಡೀ ಮಾಡಿನ ಖರ್ಚನ್ನು ತಾನೇ ವಹಿಸುವುದಾಗಿ ಹೇಳಿ ಹೋಗಿದ್ದ. ಸಮಿತಿಯ ಹಿರಿಯರು ನನ್ನನ್ನು ಕೇಳಿದರು: “ಒಂದನ್ನು ಕೊಟ್ಟರೆ ಉಳಿದದ್ದೆಲ್ಲ ಉಳಿಯುತ್ತದಲ್ಲ ಮೇಷ್ಟ್ರೇ? ಅದೂ ಧರ್ಮಕಾರ್ಯವೇ ತಾನೆ?”

ಎಪ್ಪತ್ತೈದು ವರ್ಷ ದಾಟಿದ, ಸಾಹಿತ್ಯಿಕ ಅಥವಾ ಚಾರಿತ್ರಿಕ ಮೌಲ್ಯದ ಹಸ್ತಪ್ರತಿ 1972ರ ಕಾಯಿದೆಯ ಪ್ರಕಾರ ಪುರಾವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ಅದನ್ನು ದೇಶದಾಚೆಗೆ ಕಳಿಸುವಂತಿಲ್ಲ. ಇದನ್ನು ಹೇಳಿದೆ. ಆದರೆ ಹಿರಿಯರ ಪ್ರಶ್ನೆ ಕಾನೂನಿನದಾಗಿರಲಿಲ್ಲ. ಕಟ್ಟು ಬಿಚ್ಚಿ ಕೊನೆಯ ಗರಿಯನ್ನು ಓದಿದೆವು. ನೋಂಪಿಯ ಉದ್ಯಾಪನೆಗೆಂದು ಒಬ್ಬ ಶ್ರಾವಕಿ ಅದನ್ನು ಬರೆಯಿಸಿ ಆ ಬಸದಿಗೆ ಶಾಸ್ತ್ರದಾನ ಮಾಡಿದ್ದಳು. ಓದಿ ಮುಗಿಸಿದಾಗ ಹಿರಿಯರೇ, “ಹಾಗಾದರೆ ಇದು ನಮ್ಮದಲ್ಲ” ಎಂದರು. ಉಮಾಸ್ವಾಮಿಗಳ ‘ಸ್ವ’ಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ಕೇಳಿಲ್ಲ. ಕಟ್ಟು ಅಲ್ಲೇ ಉಳಿಯಿತು. ಚಂದಾ ಎತ್ತಿ ಮಾಡು ಸರಿಪಡಿಸಲು ಮೂರು ಮಳೆಗಾಲ ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಕಟ್ಟಿನ ಹಲವು ಗರಿಗಳು ತೇವಕ್ಕೆ ಅಂಟಿಕೊಂಡು ಓದಲಾಗದಂತಾದವು. ಮಾರದಿರುವುದಕ್ಕೂ ಒಂದು ಬೆಲೆಯುಂಟು. ಅದನ್ನು ಮರೆಮಾಚಿ ಧರ್ಮದ ಮಾತನಾಡಬಾರದು.

ಮಾರಿದ್ದರೆ ಆ ಕಟ್ಟಿನ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಪಶ್ಚಿಮ ಭಾರತದ ಸಚಿತ್ರ ಕಲ್ಪಸೂತ್ರ ಪ್ರತಿಗಳ ಹಾಳೆಗಳು ಹರಾಜು ಸಂಸ್ಥೆಗಳ ಪಟ್ಟಿಗಳಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತಲೇ ಇವೆ. ಇಡೀ ಗ್ರಂಥಕ್ಕಿಂತ ಬಿಡಿ ಹಾಳೆಗಳನ್ನು ಕೊಳ್ಳುವವರು ಹೆಚ್ಚು. ಚಿತ್ರ ಒಂದೆಡೆ, ಪಾಠ ಒಂದೆಡೆ, ಬರೆಯಿಸಿದವರ ಹೆಸರಿರುವ ಕೊನೆಯ ಹಾಳೆ ಮತ್ತೊಂದೆಡೆ. ಸಂಶೋಧಕನಿಗೆ ಬೇಕಾದ ಆ ಕೊನೆಯ ಹಾಳೆಗೆ, ಅದರಲ್ಲಿ ಚಿತ್ರವಿಲ್ಲದಿದ್ದರೆ, ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ.

ಅತ್ತಿಮಬ್ಬೆಯ ದೊಡ್ಡತನ ಇಂಥ ಹಿನ್ನೆಲೆಯಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಆಕೆ. ಆ ಕಾವ್ಯವನ್ನು ಬರೆಯಿಸಿದವರಲ್ಲಿ ಆಕೆಯ ತಂದೆ ಮಲ್ಲಪನೂ ಒಬ್ಬ. ಮನೆತನದ ಆಸ್ತಿಯೆಂದು ಪೆಟ್ಟಿಗೆಯಲ್ಲಿಡಲು ಆಕೆಗೆ ಸಕಾರಣವಿತ್ತು. ಹರಾಜಿಗೆ ಬೇಕಾದುದು ಒಂದೇ ಒಂದಾಗಿರುವ ವಸ್ತು ಮತ್ತು ಅದನ್ನು ಬಯಸುವ ಹಲವರು. ಅತ್ತಿಮಬ್ಬೆ ವಸ್ತುವನ್ನೇ ಹಲವಾಗಿಸಿದಳು. ಮೂಡುಬಿದಿರೆಯ ಧವಲಾ ತಾಡಪ್ರತಿಗಳ ಕಥೆಯೂ ಇದನ್ನೇ ಹೇಳುತ್ತದೆ. ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಒದಗುತ್ತಿದ್ದ ಆ ಗ್ರಂಥ ಪ್ರತಿಗಳಾಗಿ ಹೊರಬಂದು, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹದಿನಾರು ಸಂಪುಟಗಳಾಗಿ ಅಚ್ಚಾಯಿತು. ಮೂಲದ ಓಲೆಗಳು ಮೂಡುಬಿದಿರೆಯಲ್ಲೇ ಉಳಿದವು, ಜ್ಞಾನ ಎಲ್ಲರದಾಯಿತು.

ಹಾಗೆಂದು ಕಲಾಕೃತಿಗಳ ಮಾರಾಟವನ್ನೇ ನಾನು ಅಲ್ಲಗಳೆಯುತ್ತಿಲ್ಲ. ಚಿತ್ರಕಾರನೊಬ್ಬ ತನ್ನ ಹೊಸ ಚಿತ್ರವನ್ನು ನೆರೆಸಂತ್ರಸ್ತರಿಗಾಗಿ ಹರಾಜಿಗೆ ಕೊಟ್ಟರೆ ಅದು ಅಪ್ಪಟ ದಾನ. ಅವನು ಬಿಟ್ಟುಕೊಟ್ಟದ್ದು ತನ್ನದನ್ನು. ವೊಲೊಡಾರ್ಸ್ಕಿಯವರ ಚಿತ್ರವೂ ಕೊಟ್ಟ ವಸ್ತುವೇ ಆಗಿತ್ತಲ್ಲ, ಅದನ್ನು ಮಾರಿದ್ದು ಸರಿಯೇ ಎಂದು ಕೇಳಬಹುದು. ಆಸ್ಪತ್ರೆಯ ಧರ್ಮ ಚಿಕಿತ್ಸೆ. ವೈದ್ಯರೊಬ್ಬರು ಕೊಟ್ಟದ್ದು ವೈದ್ಯರನ್ನು ರೂಪಿಸುವುದಕ್ಕೆ ಸಂದಿತು. ಕೊಟ್ಟವರ ಬದುಕಿನ ಕೆಲಸ ಅಲ್ಲಿ ಮುಂದುವರಿಯಿತು. ಬಸದಿಯ ಓಲೆಕಟ್ಟಿನಲ್ಲಿ ಹಾಗಲ್ಲ. ಅಲ್ಲಿ ವಸ್ತು ಬೇರೆ, ಉದ್ದೇಶ ಬೇರೆ ಎಂದು ಬಿಡಿಸಲಾಗದು. ಓದಲೆಂದು ಕೊಟ್ಟ ಗ್ರಂಥ ಹೋದರೆ ದಾನವೂ ಹೋದಂತೆ.

ನಮ್ಮ ಶಾಸನಗಳ ಕೊನೆಯ ಭಾಗವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಶಾಪಾಶಯವೆಂದು ದಾಟಿಬಿಡುತ್ತಾರೆ. ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸಬಾರದು ಎಂಬ ಎಚ್ಚರಿಕೆಯ ಜೊತೆಗೆ ಅಲ್ಲಿ ಇನ್ನೊಂದು ಮಾತೂ ಬರುತ್ತದೆ: ಕೊಡುವುದು, ಕೊಟ್ಟುದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಮಿಗಿಲು. ಕೊಡುವವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಕಾಯುವವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ; ಏಳೆಂಟು ಮನೆಗಳ ಆ ಊರಿನಲ್ಲಿ ಅವರು ಇಂದಿಗೂ ಬಸದಿಯ ಬಾಗಿಲು ತೆರೆಯುತ್ತಿದ್ದಾರೆ.